ಹದಿನಾಲ್ಕನೆಯ ತಿದ್ದುಪಡಿಯ ಒಂದು ವಾಕ್ಯವನ್ನು ನಾನು ಓದಿದ ಬಗೆ

ಅಮೆರಿಕದ ಸಂವಿಧಾನವನ್ನು ಓದಲು ಹೊರಟವರ ಕೈಗೆ ಮೊದಲು ಸಿಗುವುದು ಮೂಲಾರ್ಥವಾದ (ಬರೆದ ಕಾಲದ ಅರ್ಥವೇ ಅರ್ಥ), ಪಠ್ಯನಿಷ್ಠೆ (ಬರೆದ ಪದಗಳೇ ಆಧಾರ), ಜೀವಂತ ಸಂವಿಧಾನ (ಕಾಲದೊಡನೆ ಅರ್ಥವೂ ಬೆಳೆಯುತ್ತದೆ) ಎಂಬ ಅರ್ಥೈಸುವ ಪದ್ಧತಿಗಳ ಪಟ್ಟಿ. ನಾನು ಅದನ್ನು ಬದಿಗಿಟ್ಟೆ. ‘ಡ್ಯೂ ಪ್ರೊಸೆಸ್’ (ನ್ಯಾಯಯುತವಾದ ಕಾನೂನು ಪ್ರಕ್ರಿಯೆ) ಇಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎನ್ನುವ, 1868ರ ಹದಿನಾಲ್ಕನೆಯ ತಿದ್ದುಪಡಿಯ ಮಾತೊಂದನ್ನೇ ಹಿಡಿದು, ಅದರ ಮೇಲಿನ ತೀರ್ಪುಗಳನ್ನು ಕಾಲಾನುಕ್ರಮದಲ್ಲಿ ಓದಿದೆ. ಪ್ರತಿ ಸಲವೂ, ಬಹುಮತವನ್ನು ಒಪ್ಪದ ನ್ಯಾಯಮೂರ್ತಿಗಳು ಬರೆದ ಭಿನ್ನಮತವನ್ನು ಮೊದಲು. ಬಹುಮತದ ತೀರ್ಪು ತಾನು ಹಿಡಿದ ದಾರಿಯ ಹೊರತು ಬೇರೆ ದಾರಿಯೇ ಇರಲಿಲ್ಲವೆಂಬಂತೆ ಬರೆದಿರುತ್ತದೆ. ದಾರಿ ಎಲ್ಲಿ ಕವಲೊಡೆಯಿತೆಂದು ಹೇಳುವವರು ಸೋತವರೇ.

1905ರ ಲಾಕ್ನರ್ ಪ್ರಕರಣದಲ್ಲಿ, ಬೇಕರಿ ಕೆಲಸಗಾರರನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕ್ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಆ ವಾಕ್ಯದ ‘ಸ್ವಾತಂತ್ರ್ಯ’ದಲ್ಲಿ ಮಾಲೀಕ-ಕೆಲಸಗಾರರು ತಮಗೆ ಬೇಕಾದಂತೆ ಒಪ್ಪಂದ ಮಾಡಿಕೊಳ್ಳುವ ಕರಾರಿನ ಸ್ವಾತಂತ್ರ್ಯವೂ ಸೇರಿದೆಯೆಂದು ಅನೂರ್ಜಿತಗೊಳಿಸಿದರು. ಸಂವಿಧಾನ ಯಾವುದೇ ಆರ್ಥಿಕ ಸಿದ್ಧಾಂತಕ್ಕೆ ಕಟ್ಟುಬಿದ್ದಿಲ್ಲವೆಂದ ನ್ಯಾಯಮೂರ್ತಿ ಹೋಮ್ಸ್ ಅವರ ಪುಟ್ಟ ಭಿನ್ನಮತವೇ ಹೆಸರುವಾಸಿ. ಆದರೆ ನನಗೆ ಹೆಚ್ಚು ಕಲಿಸಿದ್ದು ಇನ್ನೊಬ್ಬ ನ್ಯಾಯಮೂರ್ತಿ ಹಾರ್ಲನ್ ಅವರ ಭಿನ್ನಮತ: ಅವರು ಕರಾರಿನ ಸ್ವಾತಂತ್ರ್ಯವನ್ನು ಒಪ್ಪಿಕೊಂಡೇ, ಹಿಟ್ಟಿನ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಮಾಡುವ ಹಾನಿಯನ್ನು ಮುಂದಿಟ್ಟು, ತದ್ವಿರುದ್ಧವಾದ ತೀರ್ಮಾನಕ್ಕೆ ಬಂದರು. ಪದ್ಧತಿ ಒಂದೇ ಆದರೆ ಉತ್ತರವೂ ಒಂದೇ ಎಂಬ ಭ್ರಮೆ ಅಲ್ಲಿಗೇ ಹರಿಯಿತು.

1937ರ ವೆಸ್ಟ್ ಕೋಸ್ಟ್ ಹೋಟೆಲ್ ತೀರ್ಪಿನಲ್ಲಿ, ಮಹಿಳೆಯರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ್ದ ವಾಷಿಂಗ್ಟನ್ ರಾಜ್ಯದ ಕಾನೂನನ್ನು ಎತ್ತಿಹಿಡಿಯುತ್ತ ಮುಖ್ಯ ನ್ಯಾಯಮೂರ್ತಿ ಹ್ಯೂಸ್, ಕರಾರಿನ ಸ್ವಾತಂತ್ರ್ಯದ ಮಾತೇ ಸಂವಿಧಾನದಲ್ಲಿಲ್ಲವೆಂದರು. ಆರ್ಥಿಕ ಏರಿಳಿತಕ್ಕೆ ತಕ್ಕಂತೆ ಸಂವಿಧಾನದ ಅರ್ಥ ಬದಲಾಗದೆಂದು ನ್ಯಾಯಮೂರ್ತಿ ಸದರ್‌ಲ್ಯಾಂಡ್ ಭಿನ್ನಮತ ಬರೆದರು. ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲಿ. ಸ್ಥಿರಾರ್ಥದ ಪರ ವಾದಿಸಿದವರು ಕಾಯುತ್ತಿದ್ದದ್ದು ಪಠ್ಯದಲ್ಲಿಲ್ಲದ ಹಕ್ಕನ್ನು!

2022ರ ಡಾಬ್ಸ್ ತೀರ್ಪನ್ನು ಓದುವಾಗ ಈ ಪಾಠ ಒದಗಿಬಂತು. ಗರ್ಭಪಾತದ ಹಕ್ಕನ್ನು ತಳ್ಳಿಹಾಕಲು ಬಹುಮತವು 1868ರಲ್ಲಿದ್ದ ರಾಜ್ಯಗಳ ಕಾನೂನುಗಳನ್ನು ಎಣಿಸಿತು. ಹಳೆಯ ತೀರ್ಪುಗಳನ್ನು ಕೈಬಿಡಬಹುದೆಂಬುದಕ್ಕೆ ಅದೇ ವೆಸ್ಟ್ ಕೋಸ್ಟ್ ಹೋಟೆಲ್ ಅನ್ನು ಮೇಲ್ಪಂಕ್ತಿಯಾಗಿ ತೋರಿಸಿತು. ಆ ತಿದ್ದುಪಡಿಯನ್ನು ಅನುಮೋದಿಸಿದವರೆಲ್ಲ ಗಂಡಸರೆಂದು ಭಿನ್ನಮತ ನೆನಪಿಸಿತು. ಇತಿಹಾಸವನ್ನು ಎಷ್ಟು ಸ್ಥೂಲವಾಗಿ, ಎಷ್ಟು ಸೂಕ್ಷ್ಮವಾಗಿ ಕೇಳಬೇಕೆಂಬುದೇ ಅಲ್ಲಿನ ನಿಜವಾದ ಜಗಳ ಎಂಬುದು ನನ್ನ ಅಭಿಪ್ರಾಯ.

ಇಷ್ಟಾದ ಮೇಲೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ನಮ್ಮ ಸಂವಿಧಾನದ 21ನೆಯ ವಿಧಿಗೆ ಮರಳಿದೆ. ಮಂಗಳೂರಿನಲ್ಲಿ ಹುಟ್ಟಿದ, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ. ಎನ್. ರಾವ್ ಅಮೆರಿಕದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿ ಬಂದ ಬಳಿಕ ‘ಡ್ಯೂ ಪ್ರೊಸೆಸ್’ ನಮ್ಮ ಕರಡಿನಿಂದ ಏಕೆ ಜಾರಿತು, 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ಅದರ ಸತ್ವ ಹೇಗೆ ಒಳಬಂತು ಎಂಬುದು ಲಾಕ್ನರ್ ಓದಿದವರಿಗೆ ಬೇಗ ತಿಳಿಯುತ್ತದೆ. ಹಾಗಾಗಿ ಮೊದಲು ಈ ತೀರ್ಪುಗಳನ್ನು, ನಮ್ಮ ಸಂವಿಧಾನ ಸಭೆಯ ಚರ್ಚೆಗಳನ್ನು ಆಮೇಲೆ ಓದಿ ಎಂದೇ ನಾನು ಕಿರಿಯರಿಗೆ ಹೇಳುತ್ತೇನೆ.