ಬೆರಕೆ ಭಾಗಗಳ ಹಳೆ ಸ್ಯಾಕ್ಸೊಫೋನ್‌ಗೆ ನಾನು ಬೆಲೆ ಕಟ್ಟುವ ರೀತಿ

ಹಳೆ ಸ್ಯಾಕ್ಸೊಫೋನ್ ತಂದವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಇದು ಚೆನ್ನಾಗಿ ನುಡಿಯುತ್ತಾ? ಇದಕ್ಕೆ ಎಷ್ಟು ಬರುತ್ತೆ? ಎಲ್ಲ ಭಾಗವೂ ಮೂಲದ್ದೇ ಆಗಿದ್ದರೆ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವುದು ಅಂಥ ಕಷ್ಟವಲ್ಲ. ಬಾಡಿ, ಅಂದರೆ ಮುಖ್ಯ ಕೊಳವೆ, ಒಂದು ವಾದ್ಯದ್ದು, ಅದರ ಮೇಲ್ತುದಿಗೆ ಸಿಕ್ಕಿಸುವ ಬಾಗಿದ ನೆಕ್ ಇನ್ನೊಂದರದ್ದು, ಬೆರಳಲ್ಲಿ ಒತ್ತುವ ನಾಲ್ಕಾರು ಕೀಗಳು ಮತ್ತೆಲ್ಲಿಂದಲೋ ಬಂದವು ಅಂತಾದರೆ ಆಗ ತಲೆನೋವು. ಮಾರುವವರು ಬೆಲ್, ಅಂದರೆ ವಾದ್ಯದ ಅಗಲ ಬಾಯಿಯ ಮೇಲಿನ ಕಂಪನಿಯ ಹೆಸರು ತೋರಿಸಿ ಪೂರ್ತಿ ಬೆಲೆ ಕೇಳುತ್ತಾರೆ. ಕೊಳ್ಳುವವರು ಬೆರಕೆ ಮಾಲು ಅಂತ ಗುಜರಿ ಬೆಲೆ ಹೇಳುತ್ತಾರೆ. ಇಬ್ಬರದೂ ಸರಿಯಲ್ಲ. ಬದಲಾದ ಭಾಗ ಗಾಳಿ ಹೋಗುವ ದಾರಿಯಲ್ಲಿದೆಯೋ, ಅದರ ಹೊರಗಿದೆಯೋ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ಇತ್ತೀಚೆಗೆ ನನ್ನ ಮೇಜಿಗೆ ಬಂದ ಕಾನ್ ಕಂಪನಿಯ 10ಎಂ ಮಾದರಿಯ ಒಂದು ಟೆನರ್ (ದಪ್ಪ ದನಿಯ ಸ್ಯಾಕ್ಸೊಫೋನ್) ಇಟ್ಟುಕೊಂಡೇ ಹೇಳುತ್ತೇನೆ. ವಾದ್ಯದ ಬೆನ್ನ ಮೇಲೆ ಎರಡು ಸಂಖ್ಯೆಗಳಿದ್ದವು. ತಂದವರು 1119954 ಅನ್ನುವುದನ್ನೇ ಸೀರಿಯಲ್ ನಂಬರ್ ಅಂದುಕೊಂಡಿದ್ದರು. ಅದು ಪೇಟೆಂಟ್ ಸಂಖ್ಯೆ. ಪಕ್ಕದಲ್ಲಿ 1914ರ ಡಿಸೆಂಬರ್ 8 ಅಂತ ತಾರೀಖೂ ಇರುತ್ತದೆ. ಟೋನ್ ಹೋಲ್‌ಗಳ, ಅಂದರೆ ಕೀಗಳು ಮುಚ್ಚುವ ರಂಧ್ರಗಳ, ಗೋಡೆಯನ್ನು ಬಾಡಿಯ ಲೋಹದಿಂದಲೇ ಮೇಲಕ್ಕೆಳೆದು ಮಾಡುವ ವಿಧಾನಕ್ಕೆ ಸಿಕ್ಕಿದ್ದ ಪೇಟೆಂಟ್ ಅದು. ಸಾವಿರಾರು ಕಾನ್ ವಾದ್ಯಗಳ ಮೇಲೆ ಅದೇ ಸಂಖ್ಯೆ ಇದೆ, ಅದರಿಂದ ವಯಸ್ಸು ಗೊತ್ತಾಗುವುದಿಲ್ಲ. ಹತ್ತಿರದಲ್ಲೇ ‘ಎಲ್’ ಅಕ್ಷರ ಇದೆಯಾ ಅಂತಲೂ ನೋಡಿಕೊಳ್ಳಬೇಕು. ಅದು ಲೋ ಪಿಚ್, ಅಂದರೆ ಎ ಸ್ವರ 440 ಹರ್ಟ್ಸ್ ಇರುವ ಇವತ್ತಿನ ಶ್ರುತಿ. ಹಿಂದೆ 457ರ ಆಸುಪಾಸಿನ ಹೈ ಪಿಚ್ ವಾದ್ಯಗಳೂ ಬರುತ್ತಿದ್ದವು. ಬಾಡಿಯೇ ಹೈ ಪಿಚ್ ಆಗಿದ್ದರೆ ಯಾವ ನೆಕ್ ಹಾಕಿದರೂ ಅದು ಇವತ್ತಿನ ವಾದ್ಯಗಳ ಜೊತೆ ಸೇರುವುದಿಲ್ಲ. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು, ಅದು ಗೋಡೆಗೆ ನೇತುಹಾಕುವ ಅಲಂಕಾರದ ಬೆಲೆಯ ವಾದ್ಯ.

ಈ ಟೆನರ್ ಲೋ ಪಿಚ್‌ದೇ. ಬಾಡಿಯ ಟೋನ್ ಹೋಲ್‌ಗಳ ಅಂಚು ಹೊರಕ್ಕೆ ಸುರುಳಿ ಸುತ್ತಿದ್ದವು, ಬೆಲ್ ಮೇಲಿನವೂ ಹಾಗೇ ಇದ್ದವು. ಕಾನ್ ಕಂಪನಿ ಸುಮಾರು 1947ರಲ್ಲಿ ಹೀಗೆ ಮಾಡುವುದನ್ನು ಬಿಟ್ಟಿತು. ಬಾಡಿಯಲ್ಲಿ ಸುರುಳಿ ಅಂಚು, ಬೆಲ್‌ನಲ್ಲಿ ನೇರ ಅಂಚು ಕಂಡರೆ, ವಾದ್ಯ ಆ ಬದಲಾವಣೆಯ ಹೊತ್ತಿನದ್ದಲ್ಲದಿದ್ದರೆ, ಬೆಲ್ ಬೇರೆ ಕಡೆಯದು ಅಂತ ನನಗೆ ಅನುಮಾನ ಬರುತ್ತದೆ. ಆಗ ಬೆಸುಗೆಯ ಗೆರೆಗೆ ಭೂತಗನ್ನಡಿ ಹಿಡಿಯುತ್ತೇನೆ. ಕಾರ್ಖಾನೆಯ ಬೆಸುಗೆ ತೆಳ್ಳಗೆ, ಒಂದೇ ಸಮ ಇರುತ್ತದೆ. ಆಮೇಲೆ ಮಾಡಿದ ಬೆಸುಗೆಯ ಸುತ್ತ ಲ್ಯಾಕರ್, ಅಂದರೆ ಲೋಹಕ್ಕೆ ಬಳಿದ ಮೆರುಗು, ಸುಟ್ಟು ಕಂದುಬಣ್ಣಕ್ಕೆ ತಿರುಗಿರುತ್ತದೆ, ಇಲ್ಲವೇ ಕೆರೆದು ಹೊಳಪು ಕೊಟ್ಟ ಗುರುತಿರುತ್ತದೆ.

ಕಣ್ಣಿಗೆ ಬೆರಕೆ ಅನ್ನಿಸುವುದೆಲ್ಲ ಬೆರಕೆಯಲ್ಲ. ಕಿಂಗ್ ಕಂಪನಿಯ ಸೂಪರ್ 20 ಮಾದರಿಯ ಕೆಲವು ವಾದ್ಯಗಳಿಗೆ ಹಿತ್ತಾಳೆ ಬಾಡಿ, ಬೆಳ್ಳಿಯ ನೆಕ್. ಅದರದೇ ಸಿಲ್ವರ್‌ಸಾನಿಕ್ ಅನ್ನುವ ಬಗೆಯಲ್ಲಿ ಬೆಲ್ ಕೂಡ ಬೆಳ್ಳಿ. ಅವೆಲ್ಲ ಕಾರ್ಖಾನೆಯಿಂದಲೇ ಹಾಗೆ ಬಂದಂಥವು. 1920ರ ದಶಕದ ಬೆಳ್ಳಿ ಲೇಪದ ವಾದ್ಯಗಳ ಬೆಲ್ ಒಳಗೆ ಚಿನ್ನದ ಬಣ್ಣ ಕಂಡರೂ ಗಾಬರಿ ಬೇಡ. ಸೆಲ್ಮರ್ ಕಂಪನಿಯ ಮಾರ್ಕ್ ಸಿಕ್ಸ್ ಮಾದರಿ 1954ರಲ್ಲಿ ಶುರುವಾದದ್ದು. ಅದರಲ್ಲಿ ಅಮೆರಿಕಕ್ಕೆ ಹೋದವುಗಳಿಗೆ ಲ್ಯಾಕರ್ ಮತ್ತು ಕೆತ್ತನೆ ಅಲ್ಲೇ ಆಗುತ್ತಿತ್ತು. ಹಾಗಾಗಿ ಒಂದೇ ಕಾಲದ ಎರಡು ಮಾರ್ಕ್ ಸಿಕ್ಸ್ ಪಕ್ಕಪಕ್ಕ ಇಟ್ಟರೆ ಬಣ್ಣ ಹೊಂದದೇ ಇರಬಹುದು. ಬಣ್ಣ ನೋಡಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ.

ನಮ್ಮ ಟೆನರ್‌ನ ತೊಂದರೆ ಇದ್ದದ್ದು ನೆಕ್‌ನಲ್ಲಿ. ನೆಕ್ ಮೇಲೆ ಆಕ್ಟೇವ್ ಕೀ, ಅಂದರೆ ಮೇಲಿನ ಸಪ್ತಕಕ್ಕೆ ಹೋಗಲು ಬಳಸುವ ಕೀ, ಇರುತ್ತದೆ. ಇದರಲ್ಲಿ ಅದರ ಜೋಡಣೆ 10ಎಂನದ್ದರ ಹಾಗಿರಲಿಲ್ಲ. ಬಿಚ್ಚಿ ನೋಡಿದರೆ ಬಾಡಿಯೊಳಗೆ ಕೂರುವ ತುದಿಗೆ ತೆಳು ಹಿತ್ತಾಳೆ ತಗಡು ಸುತ್ತಿ, ಬೆಸೆದು, ಅಳತೆ ದಪ್ಪ ಮಾಡಿದ್ದರು. ಯಾರೋ ಶ್ರದ್ಧೆಯಿಂದಲೇ ಮಾಡಿದ ಕೆಲಸ, ಗಾಳಿ ಸೋರುತ್ತಿರಲಿಲ್ಲ. ಆದರೂ ಅದು ಈ ವಾದ್ಯದ ನೆಕ್ ಅಲ್ಲ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಕೇಳಬಹುದು. ಸ್ಯಾಕ್ಸೊಫೋನ್‌ನ ಕೊಳವೆ ಉದ್ದಕ್ಕೂ ಅಗಲವಾಗುತ್ತಾ ಹೋಗುವ ಶಂಕು. ಅದರ ಚೂಪು ತುದಿ ಇರುವುದಿಲ್ಲ, ಆ ಜಾಗವನ್ನು ಬಾಯಿಗಿಟ್ಟು ಊದುವ ಮೌತ್‌ಪೀಸ್ ಒಳಗಿನ ಗಾಳಿ ತುಂಬುತ್ತದೆ. ಅದರ ಪಕ್ಕದ್ದೇ ನೆಕ್. ಕೊಳವೆ ತೀರಾ ಕಿರಿದಾಗಿರುವ ಈ ಜಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೆಳಗಿನ ಮತ್ತು ಮೇಲಿನ ಆಕ್ಟೇವ್‌ಗಳ ನಂಟು ತಪ್ಪುತ್ತದೆ. ಮೌತ್‌ಪೀಸ್ ಹಿಂದೆ ಮುಂದೆ ಮಾಡಿ ಒಂದು ಸ್ವರ ಸರಿಮಾಡಬಹುದು, ಆಕ್ಟೇವ್‌ಗಳ ಜಗಳ ಅದರಿಂದ ಪೂರ್ತಿ ತೀರುವುದಿಲ್ಲ.

ನುಡಿಸಿ ನೋಡುವಾಗ ನನ್ನ ಕ್ರಮ ಹೀಗೆ. ನನಗೆ ಚೆನ್ನಾಗಿ ಗೊತ್ತಿರುವ ಮೌತ್‌ಪೀಸ್ ಮಾತ್ರ ಬಳಸುತ್ತೇನೆ. ಶ್ರುತಿ ಅಳೆಯುವ ಟ್ಯೂನರನ್ನು ನನಗೆ ಕಾಣದ ಹಾಗೆ ತಿರುಗಿಸಿ, ಇನ್ನೊಬ್ಬರ ಹತ್ತಿರ ಬರೆಸುತ್ತೇನೆ. ಮುಳ್ಳು ಕಾಣುತ್ತಿದ್ದರೆ ತುಟಿ ತಾನಾಗಿಯೇ ಸರಿಮಾಡಿಬಿಡುತ್ತದೆ, ಆಗ ವಾದ್ಯದ ನಿಜ ಗೊತ್ತಾಗುವುದಿಲ್ಲ ಅಲ್ವಾ? ಸ್ವರಗಳನ್ನು ಜೋಡಿಯಾಗಿ ನುಡಿಸುತ್ತೇನೆ: ಕೆಳಗಿನ ಜಿ, ಮೇಲಿನ ಜಿ. ಕೆಳಗಿನ ಎ, ಮೇಲಿನ ಎ. ಆಮೇಲೆ ಡಿ. ಅದಾದ ಮೇಲೆ ಅಂಗೈಯಿಂದ ಒತ್ತುವ ಕೀಗಳ ತೀರಾ ಮೇಲಿನ ಸ್ವರಗಳು, ಕೊನೆಗೆ ತೀರಾ ಕೆಳಗಿನ ಬಿ ಫ್ಲ್ಯಾಟ್. ಈ ಟೆನರ್ ಕೆಳಗೆ ದಪ್ಪಗೆ, ತುಂಬಿದ ದನಿಯಲ್ಲಿ ನುಡಿಯಿತು. ಮೇಲಿನ ಎ ದಾಟಿದ ಮೇಲೆ ಒಂದೊಂದು ಸ್ವರವೂ ಇರಬೇಕಾದ ಶ್ರುತಿಗಿಂತ ಇನ್ನಷ್ಟು ಏರುತ್ತಾ ಹೋಯಿತು. ಆಮೇಲೆ ಅದೇ ಕಾಲದ ಮತ್ತೊಂದು 10ಎಂನ ನೆಕ್ ತೆಗೆದು ಇದಕ್ಕೆ ಸಿಕ್ಕಿಸಿದೆ. ಸ್ವರಗಳು ಸಾಲಿಗೆ ಬಂದವು. ಬಾಡಿಯಲ್ಲಿ ದೋಷವಿಲ್ಲ, ನೆಕ್ ಮಾತ್ರ ತಪ್ಪು ಅಂತ ಗೊತ್ತಾದದ್ದೇ ಆಗ. ಸಿಗುವ ಹಾಗಿದ್ದರೆ ಈ ಅದಲುಬದಲು ಪರೀಕ್ಷೆಯನ್ನು ಖಂಡಿತ ಮಾಡಿ. ಬೇರೆ ಯಾವ ಪರೀಕ್ಷೆಯೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಇದರ ಉಲ್ಟಾ ಕೂಡ ಇದೆ. ಮೂಲದ್ದಲ್ಲದ ನೆಕ್ ಚೆನ್ನಾಗಿ ಹೊಂದಿಕೊಂಡಿರಲೂಬಹುದು. ಮಾರ್ಕ್ ಸಿಕ್ಸ್‌ನ ಎಷ್ಟೋ ನೆಕ್‌ಗಳ ಮೇಲೆ ಸೀರಿಯಲ್ ನಂಬರ್ ಒತ್ತಿರುತ್ತದೆ. ಬಾಡಿಯ ನಂಬರಿಗೂ ಇದಕ್ಕೂ ತಾಳೆಯಾಗದಿದ್ದರೆ ಸಂಗ್ರಹಕಾರರು ಮುಖ ತಿರುಗಿಸುತ್ತಾರೆ. ನುಡಿಸುವವರಿಗೆ ಅದೇ ಕಾಲದ, ಅದೇ ಮಾದರಿಯ ನೆಕ್ ಆಗಿ ಶ್ರುತಿ ನಿಂತರೆ ಸಾಕು. ಹಾಗಾಗಿ ನಾನು ಯಾವಾಗಲೂ ಸಂಗ್ರಹದ ಬೆಲೆ ಬೇರೆ, ನುಡಿಸುವ ಬೆಲೆ ಬೇರೆ ಬರೆಯುತ್ತೇನೆ.

ಕೀಗಳ ವಿಷಯ ಅಷ್ಟು ಭಯಪಡುವಂಥದ್ದಲ್ಲ. ಟೆನರ್‌ನ ಮೂರು ಕೀಗಳು ನಿಕ್ಕಲ್ ಲೇಪದವು, ಉಳಿದವು ಲ್ಯಾಕರ್. ಬಣ್ಣ ಬಿಟ್ಟು ಪ್ಯಾಡ್, ಅಂದರೆ ಕೀಯ ಒಳಗಿದ್ದು ರಂಧ್ರ ಮುಚ್ಚುವ ಚರ್ಮದ ಬಿಲ್ಲೆಯ ಕಡೆ ನೋಡಿದೆ. ಪ್ಯಾಡ್‌ನ ಚರ್ಮದ ಮೇಲೆ ಟೋನ್ ಹೋಲ್ ಒತ್ತಿದ ಉಂಗುರದ ಗುರುತು ಇರುತ್ತದೆ. ಉಂಗುರ ನಟ್ಟನಡುವೆ ಬಿದ್ದಿದ್ದರೆ ಕೀ ಸರಿಯಾದ ಜಾಗದಲ್ಲಿದೆ. ಇಲ್ಲಿ ಎರಡರಲ್ಲಿ ನಡುವೆ ಇತ್ತು. ಒಂದರಲ್ಲಿ ಮಾತ್ರ ಉಂಗುರ ಒಂದು ಬದಿಗೆ ಸರಿದು ಅಂಚಿನವರೆಗೂ ಹೋಗಿತ್ತು. ಆ ಕೀ ಎಷ್ಟು ಹೊಂದಿಸಿದರೂ ಬೇಗ ಸೋರುತ್ತದೆ. ಕಂಬಗಳ ನಡುವೆ ಕೀಯನ್ನು ಅಡ್ಡಡ್ಡ ಅಲ್ಲಾಡಿಸಿಯೂ ನೋಡುತ್ತೇನೆ. ಹಳೆ ವಾದ್ಯಗಳಲ್ಲಿ ಕೀಗಳನ್ನು ಒಂದೊಂದಾಗಿ ಕೈಯಲ್ಲೇ ಹೊಂದಿಸುತ್ತಿದ್ದರು, ಬೇರೆಡೆಯಿಂದ ತಂದದ್ದು ಸುಮ್ನೆ ಕೂರುವುದಿಲ್ಲ. ಬ್ಯೂಷರ್ ಕಂಪನಿಯ ವಾದ್ಯವಾದರೆ ಪ್ಯಾಡ್ ತೆಗೆದು ನೋಡಬೇಕು. ಅದರ ಎಷ್ಟೋ ಹಳೆ ವಾದ್ಯಗಳಲ್ಲಿ ಪ್ಯಾಡ್ ಹಿಡಿದಿಡುವ ಸ್ನ್ಯಾಪ್‌ಗಳು, ಅಂದರೆ ಒತ್ತುಗುಂಡಿಗಳು ಇರುತ್ತವೆ. ಒಂದು ಕೀಯಲ್ಲಿ ಮಾತ್ರ ಸ್ನ್ಯಾಪ್ ಕೂರುವ ಮೊಳೆ ಇಲ್ಲದಿದ್ದರೆ ಕೀ ಬೇರೆಡೆಯದು, ಇಲ್ಲವೇ ಯಾರೋ ಅದನ್ನು ಕತ್ತರಿಸಿದ್ದಾರೆ.

ಇನ್ನು ಲೆಕ್ಕ. ಅದೇ ಮಾದರಿ, ಅದೇ ಕಾಲ, ಅದೇ ಸ್ಥಿತಿಯ, ಎಲ್ಲ ಭಾಗವೂ ಮೂಲದ್ದೇ ಆದ ವಾದ್ಯ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಅಂತ ಮೊದಲು ಹುಡುಕುತ್ತೇನೆ. ಕೇಳುತ್ತಿರುವ ಬೆಲೆ ಲೆಕ್ಕಕ್ಕಿಲ್ಲ, ಕೈ ಬದಲಾದ ಬೆಲೆ ಮಾತ್ರ. ಅದನ್ನು ನೂರು ಅಂತ ಇಟ್ಟುಕೊಳ್ಳುತ್ತೇನೆ. ಚೆನ್ನಾಗಿ ಕೂತ ಕೀಗಳಿಗೆ ನಾನು ಕಳೆಯುವುದು ಐದರ ಒಳಗೆ. ಬೆಲ್ ಬದಲಾಗಿದ್ದರೆ ನುಡಿಸುವ ಬೆಲೆಯಲ್ಲಿ ಹತ್ತು ಹದಿನೈದು, ಸಂಗ್ರಹದ ಬೆಲೆಯಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ತಪ್ಪು ನೆಕ್‌ಗೆ ಶೇಕಡಾ ಲೆಕ್ಕ ಹಾಕುವುದೇ ಇಲ್ಲ. ಸರಿಯಾದ ನೆಕ್ ಕೊಳ್ಳಲು, ಕೂರಿಸಲು ಎಷ್ಟು ಆಗುತ್ತದೋ ಅಷ್ಟನ್ನೂ ಕಳೆಯುತ್ತೇನೆ. ಒಳ್ಳೆಯ ಹಳೆ ನೆಕ್‌ಗಳು ಬಿಡಿಯಾಗಿಯೇ ದುಬಾರಿ, ಹಾಗಾಗಿ ಈ ಮೊತ್ತ ದೊಡ್ಡದಾಗಿಯೇ ಬರುತ್ತದೆ. ಆಮೇಲೆ ಪ್ಯಾಡ್, ಕಾರ್ಕ್, ಸ್ಪ್ರಿಂಗ್ ಬದಲಿಸುವ ಖರ್ಚು. ಲ್ಯಾಕರ್ ಕೆರೆದು ಮತ್ತೆ ಬಳಿದಿದ್ದರೆ ಅದೊಂದು ಪ್ರತ್ಯೇಕ ಹೊಡೆತ. ಕೆತ್ತನೆಯ ಗೆರೆಗಳು ಮಸುಕಾಗಿದ್ದರೆ, ನಂಬರ್ ಅರ್ಧ ಅಳಿಸಿದ್ದರೆ ಲೋಹವನ್ನೇ ಉಜ್ಜಿ ತೆಗೆದಿದ್ದಾರೆ ಅಂತ ಅರ್ಥ.

ಟೆನರ್ ತಂದವರಿಗೆ ಎರಡೂ ಬೆಲೆಗಳನ್ನು ಬರೆದುಕೊಟ್ಟೆ. ನೆಕ್ ಬದಲಿಸದೆ ಮಾರಿದರೆ ಎಷ್ಟು, ಸರಿಯಾದ ನೆಕ್ ಹುಡುಕಿ ಹಾಕಿ ಮಾರಿದರೆ ಎಷ್ಟು ಅಂತಲೂ ಸೇರಿಸಿದೆ. ಬಾಡಿ ಅಷ್ಟು ಚೆನ್ನಾಗಿದ್ದಾಗ ನೆಕ್ ಹುಡುಕುವುದೇ ಸರಿ ಅಂತ ನನ್ನ ಅಭಿಪ್ರಾಯ. ಅವರೂ ಒಪ್ಪಿದರು. ಮಾರುವಾಗ ಯಾವ ಭಾಗ ಎಲ್ಲಿಯದು ಅಂತ ಒಂದೊಂದರ ಫೋಟೊ ಸಮೇತ ಹೇಳಲು ತಿಳಿಸಿದ್ದೇನೆ. ತಗಡು ಸುತ್ತಿದ ಹಳೆ ನೆಕ್ಕನ್ನೂ ಎಸೆಯುವುದು ಬೇಡ ಅಂದಿದ್ದೇನೆ. ಅದು ಬೇರೆ ಯಾವುದೋ ವಾದ್ಯದ ಮೂಲ ನೆಕ್. ಆ ತಗಡನ್ನು ಬಿಸಿಮಾಡಿ ಬಿಡಿಸಿದರೆ, ಅದಕ್ಕಾಗಿಯೇ ಹುಡುಕುತ್ತಿರುವವರು ಸಿಗುತ್ತಾರೆ.