ನಿಲ್ಲುವ ಜಾಗ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ

ಮೂವತ್ತೊಂದು ವರ್ಷ ಧಾರವಾಡದ ಓಣಿಗಳಲ್ಲಿ ಟಪಾಲು ಹಂಚಿದವನು ನಾನು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುಳಿತರೆ ಕಾಲು ಜೋಮು ಹಿಡಿಯತೊಡಗಿತು. ಒಂದು ಭಾನುವಾರ ಮಗಳ ಗೆಳತಿಯರು ನಾಲ್ವರು ಬಂದಾಗ ಹಳೆಯ ಊರು ತೋರಿಸಲು ಕರೆದುಕೊಂಡು ಹೋದೆ. ಅವರು ಇನ್ನಾರಿಗೋ ಹೇಳಿದರು, ಆ ಇನ್ನಾರೋ ಮತ್ತಾರಿಗೋ. ಈಗ ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ ಆರೂ ಮುಕ್ಕಾಲಿಗೆ ಹೊರಟು ಎರಡೂವರೆ ತಾಸು ಜನರನ್ನು ನಡೆಸುತ್ತೇನೆ.

ದಾರಿ ನನಗೆ ಕಣ್ಣು ಕಟ್ಟಿದರೂ ಗೊತ್ತು. ಯಾವ ಮನೆಯ ಬಾಗಿಲಿಗೆ ಚಿಲಕವಿಲ್ಲ, ಯಾವ ನಾಯಿ ಬರೀ ಬೊಗಳುತ್ತದೆ, ಯಾವುದು ಬೊಗಳದೆ ಕಚ್ಚುತ್ತದೆ ಎಂಬುದೂ ಗೊತ್ತು. ಹಾಗಾಗಿ ತಯಾರಿ ಎಂದರೆ ಓದುವುದಷ್ಟೇ ಎಂದುಕೊಂಡು ಎರಡು ತಿಂಗಳು ಗ್ರಂಥಾಲಯದಲ್ಲಿ ಕುಳಿತು ನೋಟ್‌ಬುಕ್ ತುಂಬಿಸಿದೆ. ಊರವರಿಗೆಂದು ಏರ್ಪಡಿಸಿದ ಮೊದಲ ನಡಿಗೆಗೆ ಇಪ್ಪತ್ತಮೂರು ಜನ ಬಂದರು. ಹಿಗ್ಗಿ ಹೀರೇಕಾಯಿಯಾದೆ.

ಅದು ಕೆಟ್ಟದ್ದು ಒಂದು ರಂಗೋಲಿಯಿಂದ. ಹಳೆಯ ಮಾಳಿಗೆ ಮನೆಯೊಂದರ ಮರದ ಕಂಬಗಳನ್ನು ತೋರಿಸಲು ಎಲ್ಲರನ್ನೂ ನಿಲ್ಲಿಸಿ, ಕಂಬದ ಬೋದಿಗೆಯ ಕೆತ್ತನೆಯ ಬಗ್ಗೆ ಉತ್ಸಾಹದಿಂದ ಮಾತಿಗೆ ಶುರುಮಾಡಿದ್ದೆ. ಆ ಮನೆಯ ಅಕ್ಕ ಕೈಯಲ್ಲಿ ತಂಬಿಗೆ ಹಿಡಿದು ಹೊರಬಂದರು. ನೋಡಿದರೆ ಅವರು ಆಗಷ್ಟೇ ಹಾಕಿ ಒಳಗೆ ಹೋಗಿದ್ದ ಎಳೆ ರಂಗೋಲಿಯ ಮೇಲೆ ನಮ್ಮ ಎಂಟು ಹತ್ತು ಜನರ ಚಪ್ಪಲಿ. "ಏನು ಕಾಕಾ, ಮೊದಲು ಕಾಗದ ತಂದು ಕೊಡುತ್ತಿದ್ದಿರಿ, ಈಗ ಜನರನ್ನು ತಂದು ನಿಲ್ಲಿಸುತ್ತೀರಾ?" ಎಂದರು. ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮುಂದಿನ ನಿಲುಗಡೆಯಲ್ಲಿ ಹಾಲಿನ ಟೆಂಪೋ ಬಂದು ಗುಂಪು ಎರಡು ಹೋಳಾಯಿತು. ಅದರ ಮುಂದಿನದರಲ್ಲಿ ಬಿಸಿಲು ನೇರ ಕಣ್ಣಿಗೆ. ಕೊನೆಗೆ ಉಳಿದವರು ಒಂಬತ್ತು ಜನ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಯಾವುದೂ ಇಂಥ ಹೊತ್ತಿಗೆ ಒದಗುವುದಲ್ಲ.

ಆಮೇಲೆ ಮಾಡಿದ್ದು ಇಷ್ಟು. ನಾಲ್ಕು ಭಾನುವಾರ ಒಬ್ಬನೇ, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಹೊರಟೆ. ಹೇಳಬೇಕಾದ ಪ್ರತಿ ಜಾಗದಲ್ಲೂ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಸುಮ್ಮನೆ ನಿಂತೆ. ನೆರಳು ಎತ್ತ ಸರಿಯುತ್ತದೆ, ಗಟಾರದ ವಾಸನೆ ಎಷ್ಟು ಹೊತ್ತಿಗೆ ಏಳುತ್ತದೆ, ಯಾರು ನೀರು ಹೊಡೆದು ಅಂಗಳ ತೊಳೆಯುತ್ತಾರೆ, ಎಲ್ಲಿ ಬೈಕುಗಳು ತಿರುವು ತೆಗೆದುಕೊಳ್ಳುತ್ತವೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೆ. ಹದಿನಾರು ನಿಲುಗಡೆಗಳಲ್ಲಿ ಉಳಿದದ್ದು ಏಳು. ಕೈಬಿಟ್ಟ ಒಂಬತ್ತರಲ್ಲಿ ನನಗೆ ಬಹಳ ಪ್ರಿಯವಾದ ಎರಡಿದ್ದವು. ಅಲ್ಲಿ ಹೇಳಬೇಕಾದುದನ್ನು ಈಗ ಬೇರೆ ಕಡೆ, ಬೇವಿನ ಮರದ ಕೆಳಗೆ ನಿಂತು ಹೇಳುತ್ತೇನೆ. ಕಥೆ ಒಂದು ಕಡೆ, ನಿಲ್ಲುವುದು ಇನ್ನೊಂದು ಕಡೆ ಆದರೆ ಯಾರೂ ತಕರಾರು ಮಾಡುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದರೆ ಮಾಡುತ್ತಾರೆ.

ಹೊರಡುವುದು ಆಲೂರು ವೆಂಕಟರಾವ್ ವೃತ್ತದಿಂದ. ಆಟೋದವರಿಗೆ ಮಾತ್ರ ಅದು ಇಂದಿಗೂ ಜ್ಯುಬಿಲಿ ಸರ್ಕಲ್. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಬರುವವರಿಗೂ ಇದೇ ಸಲೀಸು. ವಿಕ್ಟೋರಿಯಾ ರಾಣಿಯ ಕಾಲದ ಹೆಸರೂ ಕನ್ನಡದ ಕುಲಪುರೋಹಿತರ ಹೆಸರೂ ಒಂದೇ ವೃತ್ತದ ಮೇಲೆ ಕುಳಿತಿವೆ ಎಂಬುದನ್ನು ಎರಡು ನಿಮಿಷದಲ್ಲಿ ಹೇಳಿ ಮುಂದೆ ನಡೆಯುತ್ತೇನೆ. ವೃತ್ತದಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು, ಹಾರ್ನ್ ಮಾತನ್ನು ನುಂಗುತ್ತದೆ.

ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಅದರ ಕೆಳಗೇ ನಿಂತರೆ ಏನೂ ಕಾಣುವುದಿಲ್ಲ. ಎದುರು ಬದಿಗೆ ದಾಟಿ, ಇನ್ನೂ ಶಟರ್ ತೆರೆಯದ ಅಂಗಡಿಯೊಂದರ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ತಲೆ ಎತ್ತಿ ನೋಡಲು ಹೇಳುತ್ತೇನೆ. 1933ರಲ್ಲಿ ಜಿ.ಬಿ. ಜೋಶಿ ಅವರು ಶುರುಮಾಡಿದ ಪ್ರಕಾಶನ ಅದು. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ, ಎ.ಕೆ. ರಾಮಾನುಜನ್ ಅವರಂಥವರು ಏರಿ ಇಳಿದ ಮೆಟ್ಟಿಲು. ಕಾರ್ನಾಡರ ಮೊದಲ ನಾಟಕ 1961ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಒಮ್ಮೆ ಕಾಲೇಜು ಹುಡುಗನೊಬ್ಬ, "ಇಷ್ಟು ಚಿಕ್ಕದೇ?" ಎಂದ. ನನಗೆ ಬೇಕಾಗಿದ್ದದ್ದು ಅದೇ ಪ್ರಶ್ನೆ. ಈಗ ಯಾರೂ ಕೇಳದಿದ್ದರೆ ನಾನೇ ಕೇಳುತ್ತೇನೆ.

ಕರ್ನಾಟಕ ವಿದ್ಯಾವರ್ಧಕ ಸಂಘದ ನಿಲುಗಡೆಯಲ್ಲಿ ನನಗೊಂದು ಪಾಠವಾಯಿತು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲ, ಮರಾಠಿಯ ಪ್ರಭಾವ ದಟ್ಟವಾಗಿದ್ದ ಊರು, 1890ರ ಜುಲೈ 20ರಂದು ಸಂಘ ಹುಟ್ಟಿತು. ಇಷ್ಟನ್ನು ಸರಿಯಾಗಿಯೇ ಹೇಳಿದೆ. ಹಾಗೇ ಲಹರಿಯಲ್ಲಿ "ಸಿರಿಗನ್ನಡಂ ಗೆಲ್ಗೆ" ಎಂಬ ಘೋಷಣೆಯನ್ನು ಆಲೂರರ ಹೆಸರಿಗೆ ಹಚ್ಚಿಬಿಟ್ಟೆ. ಗುಂಪಿನಲ್ಲಿದ್ದ ನಿವೃತ್ತ ಮಾಸ್ತರರೊಬ್ಬರು ಕೋಲು ಊರಿಕೊಂಡು ಮುಂದೆ ಬಂದು, "ತಮ್ಮಾ, ಅದು ರಾ.ಹ. ದೇಶಪಾಂಡೆಯವರದು. ಸಂಘ ಕಟ್ಟಿದವರೂ ಅವರೇ" ಎಂದರು. ಅರವತ್ತೆರಡರ ನನ್ನನ್ನು ತಮ್ಮಾ ಎನ್ನುವವರು ಊರಿನಲ್ಲಿ ಹೆಚ್ಚು ಜನ ಉಳಿದಿಲ್ಲ. ಅಂದಿನಿಂದ ಅವರ ಮನೆಗೆ ಹೋಗಿ, ಹೊಸದಾಗಿ ಸೇರಿಸುವ ಪ್ರತಿ ಸಂಗತಿಯನ್ನೂ ಮೊದಲು ಅವರಿಗೆ ಓದಿ ಹೇಳುತ್ತೇನೆ. ಅವರು ಹುಬ್ಬೇರಿಸಿದ್ದನ್ನು ಬಿಟ್ಟುಬಿಡುತ್ತೇನೆ.

ಕೋಟೆಯದು ಬೇರೆ ತೊಂದರೆ. ಕಿಲ್ಲಾ ಎಂದೊಡನೆ ಜನ ಚಿತ್ರದುರ್ಗದಂಥದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಇಲ್ಲಿ ಉಳಿದಿರುವುದು ಹೆಬ್ಬಾಗಿಲು. ಹಾಗಾಗಿ ಮೊದಲೇ, "ಬಾಗಿಲು ಮಾತ್ರ ನೋಡಲು ಹೋಗುತ್ತಿದ್ದೇವೆ" ಎಂದುಬಿಡುತ್ತೇನೆ. ಆಸೆ ಕಡಿಮೆ ಮಾಡಿದರೆ ಬಾಗಿಲು ದೊಡ್ಡದಾಗಿ ಕಾಣುತ್ತದೆ.

ಹಣದ ವಿಷಯ. ಮೊದಲ ಆರು ತಿಂಗಳು ಪುಕ್ಕಟೆ ಮಾಡಿದೆ. ಪುಕ್ಕಟೆ ಎಂದರೆ ಹೆಸರು ಕೊಟ್ಟವರಲ್ಲಿ ಅರ್ಧ ಜನ ಬೆಳಿಗ್ಗೆ ಏಳುವುದೇ ಇಲ್ಲ. ತಲೆಗೆ ನೂರು ರೂಪಾಯಿ ಇಟ್ಟ ಮೇಲೆ ಹನ್ನೆರಡು ಎಂದರೆ ಹನ್ನೆರಡು ಜನ ಬರುತ್ತಾರೆ. ಅದಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವುದಿಲ್ಲ. ಹದಿಮೂರನೆಯವರು ಯಾವಾಗಲೂ ರಸ್ತೆಯ ನಡುವೆ ನಿಂತಿರುತ್ತಾರೆ. ಮೈಕು ಕೊಳ್ಳು ಎಂದು ಮಗಳು ಹಟ ಹಿಡಿದಳು, ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಓಣಿಯಲ್ಲಿ ಮೈಕು ಹಿಡಿದವನು ಓಟು ಕೇಳುವವನಂತೆ ಕಾಣುತ್ತಾನೆ. ರಂಗೋಲಿಯ ಅಕ್ಕನ ಮನೆಗೆ ಹಿಂದಿನ ದಿನವೇ ಹೋಗಿ ಹೇಳಿ ಬರುತ್ತೇನೆ. ಅವರು ಹೊಸ್ತಿಲ ಬಳಿ ಚಿಕ್ಕದಾಗಿ ಹಾಕಿ, ಅಂಗಳ ನಮಗೆ ಬಿಡುತ್ತಾರೆ.

ಶ್ರಾವಣದಲ್ಲಿ ನಡಿಗೆ ನಿಲ್ಲಿಸಬೇಕೆಂದು ಹಲವರು ಹೇಳಿದರು. ನಿಲ್ಲಿಸಲಿಲ್ಲ. ಬೇಂದ್ರೆಯವರ ಊರಿನಲ್ಲಿ ಜಿಟಿಜಿಟಿ ಮಳೆಗೆ ಹೆದರಿ ಮನೆಯಲ್ಲಿ ಕೂರುವುದು ಸರಿಯೆನಿಸಲಿಲ್ಲ. ಕೊಡೆ ಕಡ್ಡಾಯ. ಹನ್ನೆರಡು ಕೊಡೆ ತೆರೆದರೆ ಓಣಿಯೇ ತುಂಬುತ್ತದೆ, ಹಾಗಾಗಿ ಇಬ್ಬರಿಗೆ ಒಂದು. ಗುರುತಿಲ್ಲದವರು ಒಂದೇ ಕೊಡೆಯ ಕೆಳಗೆ ನಡೆದು ಮಾತಿಗೆ ಬೀಳುತ್ತಾರೆ. ಆ ದಿನಗಳಲ್ಲಿ ನನ್ನ ಕೆಲಸ ಹಗುರ.

ಮುಗಿಸುವುದು ಲೈನ್ ಬಜಾರಿನಲ್ಲಿ. ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಇಲ್ಲಿಗೆ ಬಂದ ಠಾಕೂರ್ ಮನೆತನ ಪೇಢೆ ಮಾಡತೊಡಗಿದ ಕಥೆಯನ್ನು, ಎಮ್ಮೆಯ ಹಾಲಿನ ಖೋವಾ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸುವುದನ್ನು, ಎಲ್ಲವನ್ನೂ ಪಾಳಿಯಲ್ಲಿ ನಿಂತಿರುವಾಗಲೇ ಹೇಳಿ ಮುಗಿಸಬೇಕು. ಪೇಢೆ ಕೈಗೆ ಬಂದ ಮೇಲೆ ನನ್ನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.