ಪಟ್ಟೆ ಪ್ಯಾಂಚಾಕ್ಸ್ ಮೀನನ್ನು ಮನೆಯ ತೊಟ್ಟಿಯಲ್ಲಿ ಸಾಕುವ ಕ್ರಮ

ಕರಾವಳಿ ಮತ್ತು ಮಲೆನಾಡಿನ ತೋಡು, ಗದ್ದೆಯ ಕಾಲುವೆ, ಕೆರೆಯಂಚುಗಳಲ್ಲಿ ಸ್ವಲ್ಪ ಹೊತ್ತು ನಿಂತರೆ, ನೀರಿನ ಮೇಲ್ಭಾಗದಲ್ಲಿ ಬೆಳ್ಳಿಯಂತಹ ಚುಕ್ಕೆಯೊಂದು ಮಿನುಗುತ್ತ ಸರಿಯುವುದನ್ನು ಕಾಣಬಹುದು. ಅದು ಪಟ್ಟೆ ಪ್ಯಾಂಚಾಕ್ಸ್ ಮೀನಿನ ನೆತ್ತಿಯ ಗುರುತು. ಅಪ್ಲೊಕೈಲಸ್ ಲೀನಿಯೇಟಸ್ ಎಂಬುದು ಅದರ ಶಾಸ್ತ್ರೀಯ ನಾಮ. ಈ ಕುಲದ ಮೀನುಗಳನ್ನು ಮಲಯಾಳಿಗಳು ‘ಮಾನತ್ತುಕಣ್ಣಿ’, ಅಂದರೆ ಬಾನಿನತ್ತ ಕಣ್ಣುಳ್ಳದ್ದು, ಎಂದು ಕರೆಯುತ್ತಾರೆ. ಇದರ ಸ್ವಭಾವವನ್ನು ಇಷ್ಟು ಚೊಕ್ಕವಾಗಿ ಹಿಡಿದಿಡುವ ಇನ್ನೊಂದು ಹೆಸರನ್ನು ನಾನು ಕೇಳಿಲ್ಲ.

ಸುಮಾರು 10 ಸೆಂ.ಮೀ. ವರೆಗೆ ಬೆಳೆಯುವ ಈ ಮೀನಿನ ತಲೆ ಚಪ್ಪಟೆ, ಬಾಯಿ ಮೇಲ್ಮುಖ. ಆದುದರಿಂದ ಇದಕ್ಕೆ ಆಳಕ್ಕಿಂತ ಹರವು ಮುಖ್ಯ: ಕಿರಿದಾದ ಆಳದ ಪಾತ್ರೆಯನ್ನು ಬಿಟ್ಟು ಅಗಲ ಬಾಯಿಯ ಸಿಮೆಂಟ್ ತೊಟ್ಟಿಯನ್ನು ಆರಿಸಿಕೊಳ್ಳಬೇಕು. ನೀರು ರಭಸವಾಗಿ ಸುತ್ತಬಾರದು. ಅಂತರಗಂಗೆಯಂತಹ ತೇಲುವ ಗಿಡಗಳು ಮೂರರಲ್ಲಿ ಒಂದು ಪಾಲು ಹರಡಿಕೊಂಡಿದ್ದರೆ ಮೀನಿಗೆ ಮರೆಯೂ ನೆರಳೂ ದೊರೆಯುತ್ತವೆ. ಪೂರ್ತಿ ಮುಚ್ಚಿಕೊಂಡರೆ ಬೇಟೆಗೆ ಜಾಗವೇ ಉಳಿಯುವುದಿಲ್ಲ. ಕ್ಲೋರಿನ್ ಬೆರೆತ ನಲ್ಲಿಯ ನೀರನ್ನು ಒಂದೆರಡು ದಿನ ತೆರೆದಿಟ್ಟು ಬಳಸಬೇಕು. ಇದು ಚೆನ್ನಾಗಿ ನೆಗೆಯುವ ಮೀನು, ಆದ್ದರಿಂದ ತೊಟ್ಟಿಯ ಮೇಲೆ ಬಲೆ ಹೊದಿಸುವುದನ್ನು ಮರೆಯುವಂತಿಲ್ಲ.

ಕಾಡಿನ ತೋಡಿನಲ್ಲಿ ಇದು ಎಲೆಯ ಮರೆಯಲ್ಲಿ ಅಲುಗಾಡದೆ ನಿಂತು, ನೀರಿಗೆ ಬಿದ್ದ ಇರುವೆ, ನೊಣ, ಚಿಕ್ಕ ಕೀಟಗಳನ್ನು ಥಟ್ಟನೆ ಹಿಡಿಯುತ್ತದೆ. ಸೊಳ್ಳೆಯ ಮರಿಹುಳುಗಳು ಉಸಿರಾಟಕ್ಕಾಗಿ ಮೇಲಕ್ಕೆ ಬರಲೇಬೇಕಾಗಿರುವುದರಿಂದ ಅವೂ ಇದರ ಬಾಯಿಗೆ ಸುಲಭವಾಗಿ ಸಿಗುತ್ತವೆ. ಸೊಳ್ಳೆ ನಿಯಂತ್ರಣಕ್ಕೆಂದು ಅಮೆರಿಕ ಮೂಲದ ಗ್ಯಾಂಬೂಸಿಯಾವನ್ನು ತಂದು ಬಿಡುವ ಬದಲು ಸ್ಥಳೀಯವಾದ ಈ ಮೀನನ್ನು ಸಾಕುವುದೇ ಮೇಲು, ಏಕೆಂದರೆ ಗ್ಯಾಂಬೂಸಿಯಾ ಹಳ್ಳಕೊಳ್ಳಗಳಿಗೆ ಸೇರಿದರೆ ಅಲ್ಲಿನ ಮೂಲ ಮೀನುಗಳನ್ನೂ ಕಪ್ಪೆಮರಿಗಳನ್ನೂ ಕಾಡುತ್ತದೆ.

ತೊಟ್ಟಿಯಲ್ಲಿ ಮರಿಹುಳುಗಳು ಸಾಲದಿದ್ದಾಗ ತೇಲುವ ಆಹಾರವನ್ನೇ, ದಿನಕ್ಕೆ ಎರಡು ಬಾರಿ, ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಹಾಕಬೇಕು. ತಳಕ್ಕಿಳಿದ ಕಾಳುಗಳನ್ನು ಇದು ಅಷ್ಟಾಗಿ ಹುಡುಕಿಕೊಂಡು ಹೋಗುವುದಿಲ್ಲ. ಅವು ಕೊಳೆತು ನೀರು ಕೆಡುತ್ತದೆ. ತನ್ನ ಬಾಯಿಗೆ ಹಿಡಿಯುವ ಸಣ್ಣ ಮೀನುಗಳನ್ನೂ ಇದು ನುಂಗುವುದರಿಂದ ಗಪ್ಪಿ ಮರಿಗಳ ಜೊತೆಗೆ ಬಿಡುವುದು ತರವಲ್ಲ.

ಹೆಣ್ಣು ಮೀನು ಗಿಡದ ಬೇರುಗಳಿಗೆ ಅಂಟುವ ಮೊಟ್ಟೆಗಳನ್ನು ಒಂದೇ ಬಾರಿಗೆ ಇಡದೆ, ಕೆಲವೇ ಕೆಲವನ್ನು ಹಲವು ದಿನ ಇಡುತ್ತ ಹೋಗುತ್ತದೆ. ಸುಮಾರು ಎರಡು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ದೊಡ್ಡ ಮೀನುಗಳು ಅವುಗಳನ್ನು ತಿನ್ನದಂತೆ, ಮೊಟ್ಟೆ ಅಂಟಿದ ಗಿಡವನ್ನೇ ಎತ್ತಿ ಅದೇ ತೊಟ್ಟಿಯ ನೀರು ತುಂಬಿದ ಬೇರೆ ಪಾತ್ರೆಯಲ್ಲಿಡಬೇಕು.